‘ಮಿಷನ್ ಮುಗಿಯಿತು’ ಅಂತ ಒಂದು ಕಾರ್ಡ್

ನಮ್ಮ ಇಂಜಿನಿಯರಿಂಗ್ ಕಾಲೇಜ್ ಬ್ಯಾಂಡಿನ ವಾಟ್ಸಾಪ್ ಗ್ರೂಪ್ ಇನ್ನೂ ಇದೆ. ನಾಲ್ಕೇ ಜನ. ‘ಪ್ರಾಕ್ಟೀಸ್ ಯಾವಾಗ?’ ಅನ್ನೋ ಕೊನೆಯ ಮೆಸೇಜ್ ಬಂದು ಆರು ವರ್ಷ ಆಯ್ತು. ಆಮೇಲೆ ಬಂದಿದ್ದೆಲ್ಲ ಹ್ಯಾಪಿ ಬರ್ತ್‌ಡೇ, ಯುಗಾದಿ ಶುಭಾಶಯ ಅಷ್ಟೇ. ಬ್ಯಾಂಡ್ ಮುಗೀತು ಅಂತ ಯಾರೂ ಹೇಳಿಲ್ಲ. ನಾಲ್ಕೂ ಜನ ದುಡ್ಡು ಹಾಕಿ ತಗೊಂಡ ಆಂಪ್ಲಿಫೈಯರ್ ಮಾತ್ರ ನನ್ನ ಮಂಚದ ಕೆಳಗೆ ಧೂಳು ತಿನ್ನುತ್ತಾ ಕೂತಿದೆ. ಡ್ರಮ್ಮರ್ ಎಲ್ಲಾದರೂ ಎದುರು ಸಿಕ್ಕರೆ ಸಾಲ ಬಾಕಿ ಇಟ್ಟವನ ಹಾಗೆ ಮಾತಾಡ್ತೀನಿ.

ಇದೆಲ್ಲ ನೆನಪಾಗಿದ್ದು ಹೋದ ವಾರ, ಮೆಟ್ರೋದಲ್ಲಿ ಹೆಡ್‌ಫೋನ್ ಹಾಕ್ಕೊಂಡು ಥ್ರಾಬಿಂಗ್ ಗ್ರಿಸಲ್ ಕೇಳುವಾಗ. ಹೆಸರಿನ ಅರ್ಥ ಕೇಳಬೇಡಿ. ಅದು ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನ ಪೋಲಿ ಪದ, ಮನೆಮಂದಿಯೆಲ್ಲ ಓದುವ ಕಡೆ ಬರೆಯೋ ಹಾಗಿಲ್ಲ! ‘ಇಂಡಸ್ಟ್ರಿಯಲ್ ಸಂಗೀತ’ ಅನ್ನೋ ಹೆಸರು ಶುರುವಾಗಿದ್ದೇ ಈ ನಾಲ್ವರಿಂದ. ಮೊದಲ ಸಲ ಕೇಳಿದ್ರೆ ಪಕ್ಕದ ಮನೆಯಲ್ಲಿ ಮಿಕ್ಸಿ ಕೆಟ್ಟಿದೆ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು.

ನಾಲ್ವರು ಯಾರು? ಜೆನೆಸಿಸ್ ಪಿ-ಓರಿಡ್ಜ್, ಕೋಸಿ ಫ್ಯಾನಿ ಟುಟ್ಟಿ, ಪೀಟರ್ ಕ್ರಿಸ್ಟೋಫರ್‌ಸನ್ ಮತ್ತು ಕ್ರಿಸ್ ಕಾರ್ಟರ್. ಜೆನೆಸಿಸ್ ಮತ್ತು ಕೋಸಿ ಹಲ್‌ನಲ್ಲಿ ಕೂಮ್ ಟ್ರಾನ್ಸ್‌ಮಿಷನ್ಸ್ ಎಂಬ ಕಲಾತಂಡದಲ್ಲಿದ್ದವರು. ಪೀಟರ್, ಪಿಂಕ್ ಫ್ಲಾಯ್ಡ್ ಆಲ್ಬಂ ಕವರ್‌ಗಳಿಗೆ ಹೆಸರಾದ ಹಿಪ್ನೋಸಿಸ್ ಸಂಸ್ಥೆಯಲ್ಲಿ ಡಿಸೈನರ್. ಕ್ರಿಸ್ ನಮ್ಮ ಜಾತಿಯವನು, ಅಂದ್ರೆ ಬೆಸುಗೆ ಕಡ್ಡಿ ಹಿಡಿದು ಕೂರುವವನು. ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಪತ್ರಿಕೆಯಲ್ಲಿ ಬಂದಿದ್ದ ಒಂದು ಗಿಟಾರ್ ಎಫೆಕ್ಟ್ ಸರ್ಕ್ಯೂಟನ್ನು ತನಗೆ ಬೇಕಾದ ಹಾಗೆ ತಿದ್ದಿ ಕಟ್ಟಿಕೊಂಡ. ಅದಕ್ಕೆ ‘ಗ್ರಿಸಲೈಜರ್’ ಅಂತಲೇ ಹೆಸರು ಬಿತ್ತು. ಪೀಟರ್‌ಗಾಗಿ, ಒಂದೊಂದು ಕೀ ಒತ್ತಿದರೆ ಒಂದೊಂದು ಕ್ಯಾಸೆಟ್ ಮೊಳಗುವ ಯಂತ್ರವನ್ನೂ ಮಾಡಿಕೊಟ್ಟ. ಸ್ಯಾಂಪ್ಲರ್ ಅನ್ನೋದು ಅಂಗಡಿಯಲ್ಲಿ ಕೈಗೆಟುಕುವ ಮೊದಲಿನ ಮಾತಿದು.

1975ರಲ್ಲಿ ಬ್ಯಾಂಡ್ ಶುರು. ಲಂಡನ್ನಿನ ಹ್ಯಾಕ್ನಿಯಲ್ಲಿ ಹಳೇ ಕಾರ್ಖಾನೆ ಕಟ್ಟಡವೊಂದರ ನೆಲಮಾಳಿಗೆ ಇವರ ಸ್ಟುಡಿಯೋ. ಇಟ್ಟ ಹೆಸರು ‘ಡೆತ್ ಫ್ಯಾಕ್ಟರಿ’. ಆಗಿನ ಬ್ರಿಟನ್ ನೆನಪಿಸಿಕೊಳ್ಳಿ: 1974ರಲ್ಲಿ ಕರೆಂಟ್ ಉಳಿಸೋಕೆ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕೆಲಸ, 1976ರಲ್ಲಿ ಸರ್ಕಾರವೇ ಐಎಂಎಫ್ ಮುಂದೆ ಸಾಲಕ್ಕೆ ನಿಂತಿತ್ತು. ಅಂಥ ಹೊತ್ತಲ್ಲಿ ಅಮೆರಿಕದ ಹಳ್ಳಿಯ ಬ್ಲೂಸ್ ನಮ್ಮದಲ್ಲ, ನಮ್ಮ ಸುತ್ತ ಇರೋದು ಯಂತ್ರದ ಸದ್ದು, ಅದನ್ನೇ ನುಡಿಸೋಣ ಅನ್ನೋದು ಇವರ ವಾದ.

ಗಲಾಟೆಯಾಗಿದ್ದು 1976ರ ಅಕ್ಟೋಬರ್‌ನಲ್ಲಿ. ಲಂಡನ್ನಿನ ಐಸಿಎ ಗ್ಯಾಲರಿಯಲ್ಲಿ ಕೂಮ್ ತಂಡದ ಪ್ರದರ್ಶನ. ಕೋಸಿ ವಯಸ್ಕರ ಪತ್ರಿಕೆಗಳಿಗೆ ಮಾಡೆಲ್ ಆಗಿ ತೆಗೆಸಿಕೊಂಡಿದ್ದ ಚಿತ್ರಗಳೂ ಅಲ್ಲಿದ್ದವು. ಉದ್ಘಾಟನೆಯ ರಾತ್ರಿ ಬ್ಯಾಂಡ್ ನುಡಿಸಿತು. ತೆರಿಗೆ ದುಡ್ಡಲ್ಲಿ ಇಂಥದ್ದೆಲ್ಲ ಬೇಕಾ ಅಂತ ಪತ್ರಿಕೆಗಳು ಹಾರಾಡಿದವು. ಸಂಸದ ನಿಕೋಲಸ್ ಫೇರ್‌ಬೇರ್ನ್ ಇವರನ್ನು ‘ನಾಗರಿಕತೆಯನ್ನು ಹಾಳುಗೆಡಹುವವರು’ ಅಂತ ಕರೆದರು. ಇದಕ್ಕಿಂತ ಒಳ್ಳೆ ಮಾರ್ಕೆಟಿಂಗ್ ಯಾವ ಏಜೆನ್ಸಿ ಮಾಡಿಕೊಡ್ತಿತ್ತು ಹೇಳಿ?

ಯಾವ ಕಂಪನಿ ಬಾಗಿಲೂ ತಟ್ಟದೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಅಂತ ತಾವೇ ಒಂದು ಕಂಪನಿ ಮಾಡಿದರು. 1977ರ ಮೊದಲ ಆಲ್ಬಂ ಹೆಸರು ‘ದಿ ಸೆಕೆಂಡ್ ಆ್ಯನ್ಯುವಲ್ ರಿಪೋರ್ಟ್’. ಮೊದಲನೆಯದಕ್ಕೇ ‘ಎರಡನೇ ವಾರ್ಷಿಕ ವರದಿ’! ಬಿಳಿ ಕವರ್, ಮೇಲೊಂದು ಸ್ಟಿಕರ್, ಆಫೀಸ್ ಫೈಲ್ ಥರ. ಅಚ್ಚು ಹಾಕಿಸಿದ್ದು 785 ಪ್ರತಿ. 1979ರಲ್ಲಿ ‘20 ಜಾಝ್ ಫಂಕ್ ಗ್ರೇಟ್ಸ್’ ಬಂತು. ಹೆಸರು ನಂಬಿ ತಗೊಂಡವರ ಗತಿ ದೇವರಿಗೇ ಪ್ರೀತಿ. ಕವರ್ ಮೇಲೆ ಹೂ ಅರಳಿದ ಹುಲ್ಲುಗಾವಲಲ್ಲಿ ನಾಲ್ವರೂ ಪಿಕ್ನಿಕ್ ಬಂದವರಂತೆ ನಗ್ತಿದ್ದಾರೆ. ಆ ಜಾಗ ಬೀಚಿ ಹೆಡ್, ಆತ್ಮಹತ್ಯೆಗಳಿಗೆ ಕುಖ್ಯಾತವಾದ ಕಡಲ ಬಂಡೆ. ಸಿಹಿ ತೋರಿಸಿ ಕಹಿ ಕೊಡೋದು ಇವರ ಬುದ್ಧಿ.

ಈಗ ಬಿರುಕಿನ ಕಥೆ. ಜೆನೆಸಿಸ್ ಮತ್ತು ಕೋಸಿ ಬರೀ ಕಲಾವಿದ ಗೆಳೆಯರಲ್ಲ, ಜೋಡಿ. 1978ರಲ್ಲಿ ಕೋಸಿ ಆ ಸಂಬಂಧ ಬಿಟ್ಟು ಕ್ರಿಸ್ ಜೊತೆಯಾದರು. ಬ್ಯಾಂಡ್ ಮಾತ್ರ ನಿಲ್ಲಲಿಲ್ಲ. ಬಿಟ್ಟವರು, ಬಿಡಿಸಿಕೊಂಡವರು, ಜೊತೆಯಾದವರು ಎಲ್ಲ ಒಂದೇ ನೆಲಮಾಳಿಗೆಯಲ್ಲಿ, ಒಂದೇ ವೇದಿಕೆಯಲ್ಲಿ, ಇನ್ನೂ ಮೂರು ವರ್ಷ! ಒಂದೇ ಟೀಮಲ್ಲಿ ಬ್ರೇಕಪ್ ಆಗಿ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗಲ್ಲಿ ಪಕ್ಕಪಕ್ಕ ನಿಂತವರಿಗೆ ಈ ಕಷ್ಟ ಅರ್ಥವಾದೀತು. ಜೆನೆಸಿಸ್ ತಮ್ಮನ್ನು ಹಿಡಿತದಲ್ಲಿಟ್ಟುಕೊಂಡು ಹಿಂಸಿಸಿದರು ಅಂತ ಕೋಸಿ 2017ರ ಆತ್ಮಕಥೆಯಲ್ಲಿ ಬರೆದರು. ಜೆನೆಸಿಸ್ ಅದನ್ನು ಅಲ್ಲಗಳೆದರು. ಆ ಪುಸ್ತಕ ಓದಿದ ಮೇಲೆ ನನಗೆ ಹಳೇ ಹಾಡುಗಳ ಗದ್ದಲ ಬೇರೆ ಥರ ಕೇಳಿಸ್ತು. ‘ಶಾಕ್ ಕೊಡೋದೇ ಕಲೆ’ ಅಂತ ಚಪ್ಪಾಳೆ ಹೊಡೀವಾಗ, ಒಳಗೆ ಯಾರಿಗೆ ನಿಜವಾಗಿ ನೋವಾಗ್ತಿದೆ ಅಂತ ಹೊರಗಿನವರು ಕೇಳಲ್ಲ. ನಾನೂ ಕೇಳಿರಲಿಲ್ಲ.

1981ರ ಮೇ 29, ಸ್ಯಾನ್ ಫ್ರಾನ್ಸಿಸ್ಕೋದ ಕೆಝಾರ್ ಪೆವಿಲಿಯನ್‌ನಲ್ಲಿ ಕೊನೆಯ ಕಾರ್ಯಕ್ರಮ. ಆಮೇಲೆ ಅಂಚೆಯಲ್ಲಿ ಒಂದು ಕಾರ್ಡ್ ಹೋಯಿತು: ಮಿಷನ್ ಮುಗಿಯಿತು. ಅಷ್ಟೇ. ಜೆನೆಸಿಸ್ ಮತ್ತು ಪೀಟರ್ ಸೇರಿ ಸೈಕಿಕ್ ಟಿವಿ ಮಾಡಿದರು, ಪೀಟರ್ ಅಲ್ಲಿಂದಲೂ ಹೊರಬಂದು ಕಾಯ್ಲ್ ಬ್ಯಾಂಡ್ ಸೇರಿದರು. ಕ್ರಿಸ್ ಮತ್ತು ಕೋಸಿ ತಮ್ಮದೇ ಜೋಡಿಯಾಗಿ ನುಡಿಸುತ್ತಾ ಹೋದರು.

ಕಥೆ ಇಲ್ಲಿಗೇ ನಿಂತಿದ್ರೆ ಚೆನ್ನಾಗಿರ್ತಿತ್ತೋ ಏನೋ. 2004ರಲ್ಲಿ ನಾಲ್ವರೂ ಮತ್ತೆ ಸೇರಿದರು, 2007ರಲ್ಲಿ ಹೊಸ ಆಲ್ಬಂ ಬಂತು. 2010ರ ಅಕ್ಟೋಬರ್‌ನಲ್ಲಿ ಪ್ರವಾಸದ ಮಧ್ಯೆಯೇ ಜೆನೆಸಿಸ್ ಹೊರಟುಹೋದರು. ಉಳಿದ ಮೂವರು ಎಕ್ಸ್-ಟಿಜಿ ಅಂತ ಹೆಸರಿಟ್ಟುಕೊಂಡು ಬಾಕಿ ಕಾರ್ಯಕ್ರಮ ಮುಗಿಸಿದರು. ಮುಂದಿನ ತಿಂಗಳೇ ಪೀಟರ್ ಬ್ಯಾಂಕಾಕ್‌ನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. 2020ರ ಮಾರ್ಚ್‌ನಲ್ಲಿ ಜೆನೆಸಿಸ್ ಕೂಡ ಹೋದರು. ಎರಡನೇ ಸಲ ಮುಗಿದಾಗ ಕಾರ್ಡ್ ಬರೆಯೋ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಇವರು ತೋಡಿದ ಕಾಲುವೆಯಲ್ಲಿ ಆಮೇಲೆ ಬೇಕಾದಷ್ಟು ನೀರು ಹರಿದಿದೆ. ಮಿನಿಸ್ಟ್ರಿ, ನೈನ್ ಇಂಚ್ ನೇಲ್ಸ್ ಥರದವರು ಇಂಡಸ್ಟ್ರಿಯಲ್ ಅನ್ನೋದನ್ನ ದೊಡ್ಡ ಸ್ಟೇಡಿಯಂಗಳಿಗೆ ಒಯ್ದರು. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಝ್ನರ್‌ಗೆ ಅಟಿಕಸ್ ರಾಸ್ ಜೊತೆ ಆಸ್ಕರ್ ಸಿಕ್ಕಿದ್ದು ‘ದಿ ಸೋಷಿಯಲ್ ನೆಟ್‌ವರ್ಕ್’ ಸಂಗೀತಕ್ಕೆ, ಅಂದ್ರೆ ಕೋಡ್ ಬರೆಯೋ ನಮ್ಮಂಥವರ ಸಿನಿಮಾಗೆ. ನೀವು ಥ್ರಾಬಿಂಗ್ ಗ್ರಿಸಲ್ ಕೇಳೋದಾದ್ರೆ ‘20 ಜಾಝ್ ಫಂಕ್ ಗ್ರೇಟ್ಸ್’ನಿಂದ ಶುರು ಮಾಡಿ, ಮೊದಲ ಆಲ್ಬಂನಿಂದ ಬೇಡ. ರಾತ್ರಿ ಒಬ್ಬರೇ ಇರುವಾಗಲಂತೂ ಬೇಡವೇ ಬೇಡ.

ಮೆಟ್ರೋ ಇಳಿದ ಮೇಲೆ ಪ್ಲಾಟ್‌ಫಾರ್ಮಲ್ಲೇ ನಿಂತು ಗ್ರೂಪಿಗೆ ಟೈಪ್ ಮಾಡಿದೆ: ‘ನಮ್ಮ ಬ್ಯಾಂಡ್ ಮುಗೀತು ಅಲ್ವಾ? ಚೆನ್ನಾಗಿತ್ತು ಕಣ್ರೋ.’ ಕಳಿಸೋಕೆ ಎರಡು ಟ್ರೈನ್ ಹೋಗೋಷ್ಟು ಹೊತ್ತು ಬೇಕಾಯ್ತು. ಮೊದಲು ಉತ್ತರ ಬಂದಿದ್ದು ಡ್ರಮ್ಮರ್‌ದು. ‘ಹೂಂ, ಮುಗೀತು. ಆಂಪ್ ಯಾರ ಹತ್ರ ಇದೆ? ಮಗಳು ಗಿಟಾರ್ ಕ್ಲಾಸ್ ಸೇರಿದಾಳೆ.’

ಶನಿವಾರ ಬಂದು ತಗೊಂಡು ಹೋಗ್ತಾನಂತೆ. ಅಷ್ಟರಲ್ಲಿ ಧೂಳು ಒರೆಸಬೇಕು.