ಆಸೆಯಲ್ಲದ ‘ಹೋಪ್’

ಪರಭಾಷೆಯ ನುಡಿಗಟ್ಟನ್ನು ಬಿಡಿಸಿ ಅರ್ಥ ಹೇಳಹೊರಟವರು ಎಡವುವುದು ಸಹಜ. ಆ ಭಾಷೆಯನ್ನಾಡುವ ಜನರೇ ಎಡವಿದ ನಿದರ್ಶನವೂ ಉಂಟು. ಆಂಗ್ಲರ ‘ಫಾರ್ಲಾರ್ನ್ ಹೋಪ್’ ಅಂಥದು. ಈಡೇರುವ ಸಂಭವ ಇಲ್ಲವೆನ್ನುವಷ್ಟು ಕ್ಷೀಣವಾದ ಆಸೆ ಎಂಬುದು ಅದರ ಇಂದಿನ ಅರ್ಥ. ಮೂಲದಲ್ಲಿಯಾದರೋ ಅಲ್ಲಿ ಆಸೆಯೇ ಇರಲಿಲ್ಲ.

16ನೆಯ ಶತಮಾನದಲ್ಲಿ ಡಚ್ಚರ ‘ವೆರ್ಲೋರೆನ್ ಹೋಪ್’ ಎಂಬ ಸೈನಿಕ ಪರಿಭಾಷೆ ಇಂಗ್ಲಿಷಿಗೆ ಬಂದಿತು. ಇಲ್ಲಿಯ ‘ಹೋಪ್’ ಎಂದರೆ ರಾಶಿ, ಗುಂಪು. ಇಂಗ್ಲಿಷಿನ ‘ಹೀಪ್’ ಇದರ ದಾಯಾದಿ. ಬದುಕಿ ಬರುವರೆಂಬ ಭರವಸೆಯಿಲ್ಲದೆ ಮುಂದೆ ಕಳುಹಿಸಿದ ತುಕಡಿ ಎಂದು ಅದರ ತಾತ್ಪರ್ಯ. ಧ್ವನಿಸಾಮ್ಯದಿಂದ ‘ಗುಂಪು’ ‘ಆಸೆ’ಯಾಯಿತು.

ಕನ್ನಡ ನಾಡಿಗೂ ಈ ಪದದ ಪರಿಚಯವುಂಟು. 1799ರ ಮೇ 4ರಂದು ಜನರಲ್ ಬೇರ್ಡನ ಸೇನೆ ಕಾವೇರಿಯನ್ನು ಹಾಯ್ದು ಶ್ರೀರಂಗಪಟ್ಟಣದ ಒಡೆದ ಕೋಟೆಗೋಡೆಯನ್ನೇರಿದಾಗ, ಮುಂಚೂಣಿಯಲ್ಲಿ ಸಾಗಿದ ಸಣ್ಣ ತಂಡಗಳಿಗೆ ಇದೇ ಹೆಸರು. ಅಂದು ಟಿಪ್ಪು ಸುಲ್ತಾನನು ಮಡಿದನು, ಕೋಟೆ ಬಿದ್ದಿತು. ‘ಕಳೆದುಹೋದುದು’ ಎಂದು ಕರೆಸಿಕೊಂಡ ತಂಡವೇ ದಾರಿ ತೆರೆಯಿತೆಂಬುದು ಗಮನಾರ್ಹ.

ಆದುದರಿಂದ ಈ ನುಡಿಗಟ್ಟನ್ನು ಬರಿಯ ಹತಾಶೆಗೆ ಬಳಸುವುದು ಉಚಿತವಲ್ಲ. ಫಲ ದುರ್ಲಭವೆಂದು ಬಲ್ಲವನ ಪ್ರಯತ್ನಕ್ಕೆ ಅದು ಒಪ್ಪುತ್ತದೆ. ಬಾಡಿದ ಪೈರಿಗೆ ಕೊನೆಯ ಕೊಡ ನೀರೆರೆಯುವ ರೈತನದು ‘ಫಾರ್ಲಾರ್ನ್ ಹೋಪ್’. ಬಿತ್ತದೆಯೇ ಬೆಳೆ ಬಯಸುವವನದು ಗಗನಕುಸುಮ. ‘ಇನ್ ದ ಫಾರ್ಲಾರ್ನ್ ಹೋಪ್’ ಎಂದು ಆರಂಭಿಸಿ, ಆಸೆಯ ವಿಷಯವನ್ನು ಮುಂದೆ ಹೇಳುವುದು ಇಂಗ್ಲಿಷಿನ ವಾಡಿಕೆ. ಕನ್ನಡಿಸುವಾಗ ‘ಪರಿತ್ಯಕ್ತ ಆಶೆ’ ಎಂದು ಪದಕ್ಕೆ ಪದವಿಟ್ಟರೆ ಅರ್ಥ ಕೆಡುತ್ತದೆ; ‘ಎಳೆಯಷ್ಟು ಆಸೆಯಿಂದ’ ಎಂದರೆ ಸಾಕು.

ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚು ಕೇಳಿಬರುವುದು ‘ಹೋಪ್‌ಲೆಸ್’ ಎಂಬ ಮಾತು. ಎರಡು ಸಲ ನಪಾಸಾದ ಹುಡುಗನ ಮೇಲೆ ಅದನ್ನು ಎಸೆದುಬಿಡುವುದು ಸುಲಭ. ಅದು ಪ್ರಯತ್ನದ ಬಾಗಿಲನ್ನೇ ಮುಚ್ಚುವ ಮಾತು. ಮುಚ್ಚಿದವರು ಗುರುಗಳಾದರೆ ತೆರೆಯುವವರು ಯಾರು? ಹಿಂದಿನ ಬೆಂಚಿನ ಬಾಲಕನಲ್ಲಿ ಎಳೆಯಷ್ಟಾದರೂ ಆಸೆಯಿಡುವುದು ಅಧ್ಯಾಪಕನ ಧರ್ಮ. ಪದಗಳ ಅರ್ಥವನ್ನು ತೂಗಿ ಕಲಿಸುವವರು, ಮಕ್ಕಳ ಮೇಲೆ ಪ್ರಯೋಗಿಸುವ ಪದಗಳನ್ನೂ ತೂಗಿಯೇ ಆಡಬೇಕು.