ಮೂತ್ರಪಿಂಡಗಳ ರೋಗವೂ ದಾನದ ವಿವೇಕವೂ

ಬಳ್ಳಾರಿ ನಗರದಲ್ಲಾಗಲಿ, ಸಿರುಗುಪ್ಪ, ಕುರುಗೋಡು ಪಟ್ಟಣಗಳಲ್ಲಾಗಲಿ ‘ಡಯಾಲಿಸಿಸ್’ ಎಂಬುದು ಇಂದು ಅಪರಿಚಿತವಾದ ಶಬ್ದವಲ್ಲ. ಒಂದೆರಡು ತಲೆಮಾರುಗಳ ಹಿಂದೆ ದೊಡ್ಡ ಊರುಗಳ ವೈದ್ಯರ ಬಾಯಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಮಾತು ಈಗ ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತದೆ. ಆದರೆ ಮೂತ್ರಪಿಂಡಗಳು ದೇಹದ ಯಾವ ಭಾಗದಲ್ಲಿವೆ, ಅವು ಮಾಡುವ ಕಾರ್ಯವೇನು, ಅವು ಕೆಡುತ್ತಿರುವುದನ್ನು ತಿಳಿಯುವ ಬಗೆ ಯಾವುದು ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ರೋಗದ ಪರಿಚಯಕ್ಕಿಂತ ಮೊದಲು ಅದರ ಕಟ್ಟಕಡೆಯ ಚಿಕಿತ್ಸೆಯ ಹೆಸರು ಜನಜನಿತವಾದುದು ಒಂದು ವಿಪರ್ಯಾಸವೇ ಸರಿ. ಈ ವಿಪರ್ಯಾಸ ಕೇವಲ ಮಾತಿನಲ್ಲಿ ಉಳಿದಿಲ್ಲ. ಸಮಾಜದ ಹಣ, ಕಾಳಜಿ ಮತ್ತು ಔದಾರ್ಯಗಳೂ ಅದೇ ಕೊನೆಯ ಹಂತದತ್ತ ಹರಿಯುತ್ತಿವೆ. ಅವುಗಳಲ್ಲಿ ಒಂದು ಪಾಲಾದರೂ ಮೊದಲ ಹಂತದತ್ತ ತಿರುಗಬೇಕೆಂಬುದೇ ಇಲ್ಲಿಯ ಪ್ರತಿಪಾದನೆ.

ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿರುವ ಈ ಅಂಗಗಳು ಒಂದೊಂದೂ ಮುಷ್ಟಿಯಷ್ಟು ಗಾತ್ರದವು. ಹೃದಯವು ಹೊರಚೆಲ್ಲುವ ರಕ್ತದ ಐದನೆಯ ಒಂದು ಪಾಲು ಇವುಗಳ ಮೂಲಕ ಸಾಗುತ್ತದೆ. ನೆಫ್ರಾನ್ ಎಂದು ಕರೆಯಲ್ಪಡುವ ಸೂಕ್ಷ್ಮ ಶೋಧಕಗಳು ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷದಷ್ಟಿವೆ. ಇವು ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ದೇಹಕ್ಕೆ ಬೇಕಾದುದನ್ನೆಲ್ಲ ರಕ್ತಕ್ಕೆ ಮರಳಿಸಿ, ಒಂದೂವರೆ ಎರಡು ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಕಳುಹಿಸುತ್ತವೆ. ಇಷ್ಟಕ್ಕೇ ಇವುಗಳ ಕಾಯಕ ಮುಗಿಯುವುದಿಲ್ಲ. ಉಪ್ಪು ನೀರುಗಳ ಸಮತೋಲನವನ್ನು ಕಾಯುವುದು, ರಕ್ತದ ಒತ್ತಡವನ್ನು ನಿಯಂತ್ರಿಸುವುದು, ಕೆಂಪು ರಕ್ತಕಣಗಳ ಉತ್ಪತ್ತಿಗೆ ಪ್ರೇರಣೆ ನೀಡುವುದು, ಮೂಳೆಗಳಿಗೆ ಬೇಕಾದ ‘ಡಿ’ ಜೀವಸತ್ವವನ್ನು ಸಕ್ರಿಯಗೊಳಿಸುವುದು, ಇವೆಲ್ಲ ಇವುಗಳ ಹೊಣೆ. ತನ್ನಿಮಿತ್ತ ಮೂತ್ರಪಿಂಡಗಳು ಸೋತಾಗ ರಕ್ತಹೀನತೆ ತಲೆದೋರುತ್ತದೆ, ಮೂಳೆಗಳು ಸವೆಯುತ್ತವೆ, ರಕ್ತದ ಒತ್ತಡ ಏರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹೃದಯಕ್ಕೆ ಪೆಟ್ಟು ಬೀಳುತ್ತದೆ. ಈ ರೋಗವುಳ್ಳವರಲ್ಲಿ ಅನೇಕರು ಡಯಾಲಿಸಿಸ್‌ನ ಹಂತವನ್ನು ತಲುಪುವ ಮೊದಲೇ ಹೃದ್ರೋಗದಿಂದ ಮರಣಹೊಂದುತ್ತಾರೆ. ಆ ಮರಣಗಳು ಮೂತ್ರಪಿಂಡಗಳ ಲೆಕ್ಕಕ್ಕೆ ಸೇರುವುದೇ ಇಲ್ಲ.

ಮೂರು ತಿಂಗಳಿಗೂ ಮೀರಿ ಮೂತ್ರಪಿಂಡಗಳಲ್ಲಿ ಊನವು ಉಳಿದುಕೊಂಡರೆ ಅದನ್ನು ದೀರ್ಘಕಾಲೀನ ಮೂತ್ರಪಿಂಡ ರೋಗವೆಂದು ವೈದ್ಯರು ಗುರುತಿಸುತ್ತಾರೆ. ಸೋಸುವ ಶಕ್ತಿಯನ್ನು ಅಳೆದು ಇದನ್ನು ಐದು ಹಂತಗಳಾಗಿ ವಿಂಗಡಿಸಲಾಗಿದೆ. ಮೊದಲ ಮೂರು ಹಂತಗಳಲ್ಲಿ ನೋವಿಲ್ಲ, ಜ್ವರವಿಲ್ಲ, ಹೆಚ್ಚಿನವರಲ್ಲಿ ಯಾವ ತೊಂದರೆಯೂ ಕಾಣುವುದಿಲ್ಲ. ಕಾಲು ಬಾತು, ಹಸಿವು ಇಂಗಿ, ಉಸಿರು ಮೇಲಕ್ಕೆಳೆದು ರೋಗಿಯು ಆಸ್ಪತ್ರೆಯ ಮೆಟ್ಟಿಲು ಹತ್ತುವ ವೇಳೆಗೆ ಶಕ್ತಿಯ ಬಹುಭಾಗ ಮರಳಿ ಬಾರದಂತೆ ಹೋಗಿರುತ್ತದೆ. ಉಳಿದ ರೋಗಗಳು ಬಾಗಿಲು ಬಡಿದು ಬಂದರೆ ಈ ರೋಗ ಹಿತ್ತಿಲಿನಿಂದ ಬಂದು ಮನೆಯನ್ನೇ ಬರಿದು ಮಾಡುತ್ತದೆ.

ಇದರ ವ್ಯಾಪ್ತಿ ಎಷ್ಟು? ಜಗತ್ತಿನಲ್ಲಿ ಒಂದಿಲ್ಲೊಂದು ವಿಧದ ಮೂತ್ರಪಿಂಡ ರೋಗವುಳ್ಳವರು ಸುಮಾರು 85 ಕೋಟಿ ಎಂದು ತಜ್ಞರ ಅಂದಾಜು. ವಯಸ್ಕರಲ್ಲಿ ಹತ್ತಕ್ಕೆ ಒಬ್ಬರಿಗೆ ಈ ದೀರ್ಘಕಾಲೀನ ರೋಗವಿದೆ. ಭಾರತದ ಹಲವು ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ‘ಸೀಕ್’ ಅಧ್ಯಯನದಲ್ಲಿ ತಪಾಸಣೆಗೆ ಬಂದವರ ಪೈಕಿ ಶೇಕಡಾ 17ರಷ್ಟು ಜನರಲ್ಲಿ ರೋಗದ ಲಕ್ಷಣಗಳು ಕಂಡುಬಂದವು. ಕರ್ನಾಟಕದಲ್ಲಿಯೇ ಶಿವಮೊಗ್ಗ ಭಾಗದ ಗ್ರಾಮೀಣ ವಯಸ್ಕರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು ಶೇಕಡಾ 6.3ರ ಪ್ರಮಾಣವನ್ನು ತೋರಿಸಿತು. ಈ ಸಂಖ್ಯೆಗಳಲ್ಲಿ ಕಡಿಮೆಯದನ್ನೇ ಹಿಡಿದು ಬಳ್ಳಾರಿ ನಗರಕ್ಕೆ ಅನ್ವಯಿಸಿ ನೋಡಬಹುದು. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 4 ಲಕ್ಷದ 10 ಸಾವಿರ. ಅವರಲ್ಲಿ ಮೂರನೆಯ ಎರಡು ಪಾಲು ವಯಸ್ಕರೆಂದು ಭಾವಿಸಿದರೂ ರೋಗವುಳ್ಳವರ ಸಂಖ್ಯೆ 16 ಸಾವಿರವನ್ನು ಮೀರುತ್ತದೆ. ಇದು ಎಣಿಸಿ ಪಡೆದ ಲೆಕ್ಕವಲ್ಲ, ಗುಣಿಸಿ ಪಡೆದ ಅಂದಾಜು. ಆದರೂ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿರುವ ಕೆಲವರ ಹಿಂದೆ ತಮಗೆ ರೋಗವಿದೆಯೆಂದು ಅರಿಯದ ಸಾವಿರಾರು ಮಂದಿ ಓಡಾಡುತ್ತಿದ್ದಾರೆಂಬುದನ್ನು ಈ ಅಂದಾಜು ಎತ್ತಿ ತೋರಿಸುತ್ತದೆ.

ಈ ರೋಗದ ಮೂಲಕಾರಣಗಳಲ್ಲಿ ಮಧುಮೇಹ ಮತ್ತು ರಕ್ತದ ಒತ್ತಡಗಳೇ ಅಗ್ರಗಣ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದೂ, ವಯಸ್ಕರಲ್ಲಿ ಮೂರಕ್ಕೆ ಒಬ್ಬರಿಗೆ ರಕ್ತದ ಒತ್ತಡವಿದೆಯೆಂದೂ ತಿಳಿಸಿತು. ಬಳ್ಳಾರಿಯ ಊಟದ ಎಲೆಯನ್ನು ನೋಡಿದರೂ ಉಪ್ಪಿನ ಪಾತ್ರ ಕಡಿಮೆಯದಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಸಂಜೆಯ ಒಗ್ಗರಣೆ ಮಂಡಕ್ಕಿ, ಮಿರ್ಚಿ ಇವೆಲ್ಲವೂ ಸೇರಿದರೆ ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿರುವ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಸುಲಭವಾಗಿ ದಾಟಿಹೋಗುತ್ತದೆ.

ಎರಡನೆಯ ಕಾರಣ ದುಡಿಮೆಯ ನೋವಿಗೆ ಸಂಬಂಧಿಸಿದ್ದು. ತುಂಗಭದ್ರೆಯ ಕಾಲುವೆಯ ನೀರಿನಿಂದ ಹಸಿರಾದ ಸಿರುಗುಪ್ಪದ ಗದ್ದೆಗಳಲ್ಲಿ ದಿನವಿಡೀ ಬೆನ್ನು ಬಾಗಿಸಿ ನಾಟಿ ಮಾಡುವ ಹೆಣ್ಣುಮಕ್ಕಳು, ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವವರು, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರು ನೋವು ತಾಳದಾದಾಗ ಹೋಗುವುದು ವೈದ್ಯರ ಬಳಿಗಲ್ಲ, ಔಷಧದ ಅಂಗಡಿಗೆ. ಅಲ್ಲಿ ದೊರೆಯುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದ ಮಾತ್ರೆಗಳು ಅಂದಿನ ನೋವನ್ನು ಶಮನಗೊಳಿಸುವುದು ನಿಜ. ಆದರೆ ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸಿದಾಗ, ಅದರಲ್ಲೂ ದೇಹದಲ್ಲಿ ನೀರು ಕಡಿಮೆಯಾಗಿರುವಾಗ, ಅವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕುಗ್ಗಿಸಿ ಅದಕ್ಕೆ ಹಾನಿ ಮಾಡುತ್ತವೆ. ಒಳಗೇನಿದೆಯೆಂದು ತಿಳಿಯದ ಭಸ್ಮ, ಪುಡಿಗಳನ್ನು ನಂಬುವುದೂ ಅಷ್ಟೇ ಅಪಾಯಕರ. ಅಂಥವುಗಳಲ್ಲಿ ಸೀಸ, ಪಾದರಸಗಳು ಪತ್ತೆಯಾದ ಉದಾಹರಣೆಗಳಿವೆ.

ಮೂರನೆಯದು ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಸೆಕೆಯಲ್ಲಿ ನೀರು ಕುಡಿಯದೆ ದುಡಿಯುವವರಿಗೆ ಮೂತ್ರದ ಕಲ್ಲುಗಳ ಬಾಧೆ ಹೆಚ್ಚು. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳಲ್ಲಿ ಮಧುಮೇಹವಾಗಲಿ ರಕ್ತದ ಒತ್ತಡವಾಗಲಿ ಇಲ್ಲದ ಯುವಕರೇ ಮೂತ್ರಪಿಂಡಗಳನ್ನು ಕಳೆದುಕೊಂಡುದನ್ನು ಕಂಡ ಸಂಶೋಧಕರು ಬಿಸಿಲಿನ ಬೇಗೆಯಲ್ಲಿ ಮಾಡುವ ದುಡಿಮೆಯನ್ನು ಒಂದು ಕಾರಣವೆಂದು ಶಂಕಿಸಿದರು. ಅಲ್ಲಿ ಕಾರ್ಮಿಕರಿಗೆ ನೀರು, ನೆರಳು, ವಿರಾಮಗಳನ್ನು ಒದಗಿಸುವ ಕ್ರಮ ಆರಂಭವಾಯಿತು. ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶವೂ ಇಂಥದೇ ವ್ಯಾಧಿಗೆ ತುತ್ತಾಗಿದೆ. ಅಲ್ಲಿಯ ಕಾರಣವಿನ್ನೂ ಪೂರ್ಣವಾಗಿ ಬಯಲಾಗಿಲ್ಲ. ಬಳ್ಳಾರಿ ಸೀಮೆಯ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿರುವುದೂ ಹಳೆಯ ಸಂಗತಿ. ದೇಹಕ್ಕೆ ಸೇರಿದ ಫ್ಲೋರೈಡನ್ನು ಹೊರಹಾಕುವ ಹೊಣೆ ಮೂತ್ರಪಿಂಡಗಳದೇ ಆದುದರಿಂದ ಅವು ಸೋತವರ ದೇಹದಲ್ಲಿ ಅದು ಹೆಚ್ಚಾಗಿ ಉಳಿಯುತ್ತದೆ.

ರೋಗವು ಐದನೆಯ ಹಂತಕ್ಕೆ ಬಂದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮನೆಯ ಯಜಮಾನನಿಗೆ ವಾರಕ್ಕೆ ಮೂರು ಬಾರಿ, ಒಂದೊಂದು ಬಾರಿಗೆ ನಾಲ್ಕು ಗಂಟೆ ಡಯಾಲಿಸಿಸ್ ಬೇಕು. ವರ್ಷಕ್ಕೆ 156 ಸಲ ಆಸ್ಪತ್ರೆ. ಕೇಂದ್ರ ಸರ್ಕಾರವು 2016ರಲ್ಲಿ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದಲೂ, ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆರೆದ ಕೇಂದ್ರಗಳಿಂದಲೂ ಬಡವರಿಗೆ ಚಿಕಿತ್ಸೆ ಉಚಿತವಾಗಿ ದೊರೆಯುವಂತಾದುದು ದೊಡ್ಡ ಉಪಕಾರ. ಆದರೆ ಬಸ್ಸಿನ ವೆಚ್ಚ, ರೋಗಿಯ ಕೂಲಿಯ ನಷ್ಟ, ಜೊತೆಗೆ ಬರುವ ಹೆಂಡತಿಯ ಅಥವಾ ಮಗನ ಕೂಲಿಯ ನಷ್ಟ, ಇವು ಉಚಿತವಲ್ಲ. ಶಾಲೆ ಬಿಟ್ಟು ತಂದೆಯ ಜೊತೆ ಆಸ್ಪತ್ರೆಗೆ ನಡೆಯುವ ಹುಡುಗನ ಹಾಜರಿ ಪುಸ್ತಕದಲ್ಲಿಯೂ ಈ ರೋಗದ ಗುರುತು ಮೂಡುತ್ತದೆ. ಸುಡುವ ಬೇಸಿಗೆಯಲ್ಲಿ ಊರೆಲ್ಲ ಕೊಡಗಟ್ಟಲೆ ನೀರು ಕುಡಿಯುವಾಗ ಆ ರೋಗಿ ಲೋಟಗಳನ್ನು ಎಣಿಸಿ ಕುಡಿಯಬೇಕು. ನೆಂಟರು ಪ್ರೀತಿಯಿಂದ ತರುವ ಎಳನೀರು ಸಹ ಅದರಲ್ಲಿರುವ ಪೊಟ್ಯಾಸಿಯಂನಿಂದಾಗಿ ಆತನ ಹೃದಯಕ್ಕೆ ಅಪಾಯವನ್ನು ತರಬಲ್ಲುದು. ಮೂತ್ರಪಿಂಡದ ಕಸಿಗೆ 1994ರ ಶಾಸನವು ದಾರಿ ಮಾಡಿಕೊಟ್ಟಿದೆ, ಬೆಂಗಳೂರಿನ ನೆಫ್ರೋ-ಯೂರಾಲಜಿ ಸಂಸ್ಥೆಯಂತಹ ಸರ್ಕಾರಿ ಆಸ್ಪತ್ರೆಗಳೂ ಇವೆ. ಆದರೆ ದಾನಿಗಳು ದೊರೆಯುವುದು ದುರ್ಲಭ. ಭಾರತದಲ್ಲಿ ಜೀವಂತವಾಗಿದ್ದು ಮೂತ್ರಪಿಂಡ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು ಮತ್ತು ಹೆಂಡಂದಿರು, ಪಡೆಯುವವರಲ್ಲಿ ಹೆಚ್ಚಿನವರು ಪುರುಷರು ಎಂಬ ಸತ್ಯವೂ ಚಿಂತನಾರ್ಹ.

ಇಷ್ಟು ಭಯಂಕರವಾದ ರೋಗವನ್ನು ಆರಂಭದಲ್ಲಿಯೇ ಹಿಡಿಯಲು ಬೇಕಾದುದು ಎರಡೇ ಎರಡು ಪರೀಕ್ಷೆ. ಒಂದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂಬುದು. ಇನ್ನೊಂದು, ರಕ್ತದ ಕ್ರಿಯಾಟಿನಿನ್ ಪ್ರಮಾಣ ಮತ್ತು ಅದರಿಂದ ವಯಸ್ಸು ಹಾಗೂ ಲಿಂಗಕ್ಕೆ ಅನುಗುಣವಾಗಿ ಲೆಕ್ಕ ಹಾಕುವ ಸೋಸುವ ಶಕ್ತಿ. ಕ್ರಿಯಾಟಿನಿನ್ ಅಂಕಿಯೊಂದನ್ನೇ ನೋಡಿ ನೆಮ್ಮದಿಪಡುವಂತಿಲ್ಲ. ಶಕ್ತಿಯ ಅರ್ಧದಷ್ಟು ಕುಂದಿದಾಗಲೂ ಅದು ಸಹಜದಂತೆಯೇ ತೋರಬಹುದು. ರೋಗ ಕಂಡುಬಂದರೆ ಸಕ್ಕರೆ ಮತ್ತು ಒತ್ತಡಗಳ ಹತೋಟಿ, ಉಪ್ಪಿನ ಮಿತಿ, ತಂಬಾಕು ತ್ಯಾಗ ಮತ್ತು ಸೂಕ್ತ ಔಷಧಿಗಳಿಂದ ಅದರ ವೇಗವನ್ನು ಬಹುವಾಗಿ ತಗ್ಗಿಸಬಹುದು. ಮಧುಮೇಹಕ್ಕೆಂದು ಬಂದ ಡಾಪಾಗ್ಲಿಫ್ಲೋಜಿನ್ ಎಂಬ ಔಷಧಿಯು ಮಧುಮೇಹವಿಲ್ಲದವರ ಮೂತ್ರಪಿಂಡಗಳನ್ನೂ ರಕ್ಷಿಸುತ್ತದೆಂದು 2020ರಲ್ಲಿ ಸಿದ್ಧವಾಯಿತು. ಭಾರತದಲ್ಲಿ ಪೇಟೆಂಟ್ ಮುಗಿದು ಅದರ ಬೆಲೆಯೂ ಇಳಿದಿದೆ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಮೂತ್ರಪಿಂಡಗಳ ಆರೋಗ್ಯವನ್ನೇ ಕುರಿತು ನಿರ್ಣಯವೊಂದನ್ನು ಅಂಗೀಕರಿಸಿ, ರೋಗವನ್ನು ಬೇಗನೆ ಪತ್ತೆಹಚ್ಚುವಂತೆ ಸದಸ್ಯ ರಾಷ್ಟ್ರಗಳಿಗೆ ಕರೆಯಿತ್ತಿತು.

ಇಲ್ಲಿಯೇ ದಾನಿಗಳ ವಿವೇಕದ ಪ್ರಶ್ನೆ ಏಳುತ್ತದೆ. ಡಯಾಲಿಸಿಸ್ ಯಂತ್ರವನ್ನು ಕೊಟ್ಟರೆ ಉದ್ಘಾಟನೆ ನಡೆಯುತ್ತದೆ, ಗೋಡೆಯ ಮೇಲೆ ಶಿಲಾಫಲಕ ನಿಲ್ಲುತ್ತದೆ, ಪತ್ರಿಕೆಯಲ್ಲಿ ಭಾವಚಿತ್ರ ಬರುತ್ತದೆ. ಮೂತ್ರ ಪರೀಕ್ಷೆಯ ಒಂದು ಪಟ್ಟಿಯ ಮೇಲೆ ಯಾರ ಹೆಸರನ್ನು ಕೆತ್ತಿಸಲಾದೀತು? ಯಂತ್ರದಿಂದ ಬದುಕುಳಿದವನು ಕಣ್ಣಿಗೆ ಕಾಣುತ್ತಾನೆ. ಪರೀಕ್ಷೆಯಿಂದ ಪಾರಾದವನು ತಾನು ಯಾವುದರಿಂದ ಪಾರಾದೆನೆಂಬುದನ್ನು ತಾನೇ ಅರಿಯನು. ಆದುದರಿಂದಲೇ ಮೊದಲನೆಯ ದಾನಕ್ಕೆ ಹತ್ತು ಕೈಗಳು ಮುಂದೆ ಬಂದರೆ ಎರಡನೆಯದಕ್ಕೆ ಒಂದು ಕೈಯೂ ಏಳುವುದಿಲ್ಲ. ಹೆಸರನ್ನು ಬಯಸದೆ, ಪಡೆದವನನ್ನು ಕೀಳಾಗಿಸದೆ ಕೊಡುವುದೇ ದಾಸೋಹವೆಂದು ತಿಳಿದ ನಾಡಿನಲ್ಲಿ ಇದು ಸಲ್ಲದ ಸಂಗತಿ.

ಈಗ ನರಳುತ್ತಿರುವವರನ್ನು ಬಿಟ್ಟು ಮುಂದಿನವರನ್ನು ನೋಡುವುದು ನ್ಯಾಯವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇಂದಿನ ರೋಗಿಗೆ ಯಂತ್ರವೇ ಪ್ರಾಣ. ಅದನ್ನು ಕಡಿಮೆ ಮಾಡೆಂದು ಹೇಳುವುದು ಕ್ರೌರ್ಯವಾದೀತು. ಆದರೆ ಮನೆಗೆ ಬೆಂಕಿ ಬಿದ್ದಾಗ ನೀರು ತರುವುದು ಎಷ್ಟು ಅಗತ್ಯವೋ, ಬೆಂಕಿ ಬೀಳುವ ಮೊದಲೇ ಬಾವಿ ತೋಡಿಸುವುದೂ ಅಷ್ಟೇ ಅಗತ್ಯ. ಹೊಸ ರೋಗಿಗಳ ಸಾಲು ಬೆಳೆಯುತ್ತಲೇ ಹೋದರೆ ಎಷ್ಟು ಯಂತ್ರಗಳನ್ನು ತಂದರೂ ಸಾಲದು. ಅಂತೆಯೇ ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುವ ಶಿಬಿರಗಳಿಂದಲೂ ಪ್ರಯೋಜನವಿಲ್ಲ. ಫಲಿತಾಂಶದ ಚೀಟಿಯು ಮನೆಯ ಗೂಡಿನಲ್ಲಿ ಧೂಳು ತಿನ್ನುವುದಾದರೆ ಆ ಶಿಬಿರ ಕೇವಲ ಜಾತ್ರೆ.

ಶಾಲೆಯೊಂದು ಇದರಲ್ಲಿ ಮಾಡಬಹುದಾದುದು ಬಹಳವಿದೆ. ವಿಶ್ವ ಮೂತ್ರಪಿಂಡ ದಿನವು 2006ರಿಂದ ಮಾರ್ಚ್ ತಿಂಗಳ ಎರಡನೆಯ ಗುರುವಾರ ಬರುತ್ತಿದೆ. ಅದು ಶಾಲೆಗಳಿಗೆ ಪರೀಕ್ಷೆಯ ಕಾಲವಾದುದರಿಂದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನವೇ ಹೆಚ್ಚು ಅನುಕೂಲ. ಮಧುಮೇಹ, ರಕ್ತದ ಒತ್ತಡ ಅಥವಾ ಮನೆತನದಲ್ಲಿ ಮೂತ್ರಪಿಂಡದ ರೋಗವುಳ್ಳ ಪ್ರತಿಯೊಬ್ಬ ಶಿಕ್ಷಕ, ಸಿಬ್ಬಂದಿ, ಅಡುಗೆಯವರು ಮತ್ತು ಪೋಷಕರಿಗೆ ಆ ದಿನ ಈ ಎರಡೂ ಪರೀಕ್ಷೆಗಳು ನಡೆಯಲಿ. ಬಳ್ಳಾರಿಯಲ್ಲಿ 1961ರಷ್ಟು ಹಿಂದೆಯೇ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ದೋಷ ಕಂಡವರ ಹೆಸರನ್ನು ಗುಟ್ಟಾಗಿ ಒಂದು ವಹಿಯಲ್ಲಿ ಬರೆದಿಟ್ಟು, ಮೂರು ತಿಂಗಳ ಬಳಿಕ ಮರುಪರೀಕ್ಷೆ ಮಾಡಿಸಿ, ವರ್ಷಪೂರ್ತಿ ಅವರನ್ನು ವಿಚಾರಿಸುವ ಭಾರವನ್ನು ಸಂಘವೊಂದು ಹೊರಲಿ. ದಾನಿಗಳು ಒಂದು ಯಂತ್ರದ ಜೊತೆಗೆ ಇಂತಹ ಒಂದು ವಹಿಗೂ ನಿಧಿಯಿಡಲಿ. ವಿಜ್ಞಾನದ ಶಿಕ್ಷಕರು ವಿಸರ್ಜನಾಂಗದ ಚಿತ್ರವನ್ನು ಬರೆಯಿಸುವುದರ ಜೊತೆಗೆ, ಮನೆಯ ಹಿರಿಯರ ಮೂತ್ರ ಪರೀಕ್ಷೆ ಆಗಿದೆಯೇ ಎಂದು ಕೇಳಿಕೊಂಡು ಬರುವ ಪಾಠವನ್ನೂ ಕೊಡಲಿ. ಶೌಚಾಲಯದ ಕೊರತೆಯಿಂದ ನೀರು ಕುಡಿಯುವುದನ್ನೇ ಬಿಟ್ಟ ಹೆಣ್ಣುಮಕ್ಕಳಿಗೆ ಮೂತ್ರಸೋಂಕು ತಗಲುವುದುಂಟು. ಶುಚಿಯಾದ ಶೌಚಾಲಯಗಳೂ ಈ ಕಾರ್ಯದ ಅಂಗವೇ.

ಗದ್ದೆ, ಹೊಲ, ಕಾರ್ಖಾನೆಗಳಲ್ಲಿ ಕಾಯಕ ನಿಲ್ಲದೆ ಸಾಗಬೇಕಾದರೆ ದೇಹದೊಳಗಿನ ಈ ಎರಡು ಮೌನ ಕಾಯಕಜೀವಿಗಳು ಉಳಿಯಬೇಕು. ಅವು ಕೂಗಿ ಹೇಳುವುದಿಲ್ಲ. ಕೇಳುವವರೇ ವರ್ಷಕ್ಕೊಮ್ಮೆ ಹೋಗಿ ಕೇಳಬೇಕು. ಮುಂದಿನ ವರ್ಷದ ಸಂಚಿಕೆಯ ದಾನಿಗಳ ಪಟ್ಟಿಯಲ್ಲಿ, ಕೊಠಡಿ, ಬೆಂಚು, ಗಡಿಯಾರಗಳ ಸಾಲಿನ ಕೆಳಗೆ, ಇಷ್ಟು ಜನರ ಪರೀಕ್ಷೆ, ಇಷ್ಟು ಜನರ ಮರುಪರೀಕ್ಷೆ ಎಂಬ ಒಂದು ಸಾಲು ಸೇರುವಂತಾದರೆ ಅದು ಯಾವ ಶಿಲಾಫಲಕಕ್ಕೂ ಕಡಿಮೆಯಾಗದು.