ಹೊಸ ವ್ಯವಸ್ಥೆಯೂ ಹಳೆಯ ಅಭ್ಯಾಸವೂ

ಬಹುಕಾಲ ಒಂದೇ ಮನೆಯಲ್ಲಿ ವಾಸವಾಗಿದ್ದವನು ಬೇರೆ ಮನೆಗೆ ಹೋದಾಗ ಕತ್ತಲೆಯಲ್ಲಿ ದೀಪದ ಗುಂಡಿಗಾಗಿ ಗೋಡೆಯನ್ನು ತಡಕಾಡುವುದುಂಟು. ಹಿಂದಿನ ಮನೆಯಲ್ಲಿ ಗುಂಡಿ ಎಲ್ಲಿದ್ದಿತೋ ಅಲ್ಲಿಗೇ ಕೈ ತಾನಾಗಿ ಹೋಗುತ್ತದೆ. ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಯನ್ನು ಬದಲಾಯಿಸಿದವರ ಪಾಡೂ ಇಂಥದೇ. ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಈ ಅನುಭವ ನನಗೂ ನನ್ನ ವಿದ್ಯಾರ್ಥಿಗಳಿಗೂ ಈಚೆಗೆ ಆಯಿತು.

ನಾವು ಬಳಸುತ್ತಿದ್ದ ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ಯಂತ್ರದಲ್ಲಿ ಕೆಲವು ಹೊಸ ಭದ್ರತಾ ಅಂಗಗಳಿರಬೇಕೆಂದು ಕೇಳುತ್ತದೆ. ನಮ್ಮ ಯಂತ್ರಗಳಲ್ಲಿ ಅವು ಇಲ್ಲ. ಪ್ರೊಸೆಸರು, ಪರದೆ, ಕೀಲಿಮಣೆ ಎಲ್ಲವೂ ಚೆನ್ನಾಗಿರುವ ಯಂತ್ರಗಳನ್ನು ಗುಜರಿಗೆ ಹಾಕುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಹೊಸವನ್ನು ಕೊಳ್ಳಲು ಹಣವೂ ಇರಲಿಲ್ಲ. ಆದುದರಿಂದ ಅವುಗಳಲ್ಲಿ ಲಿನಕ್ಸನ್ನು ಅಳವಡಿಸಿದೆವು. ಹೆಲ್ಸಿಂಕಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು.

ಮೊದಲ ವಾರ ಪ್ರಯೋಗಶಾಲೆಯಲ್ಲಿ ಬರಿಯ ಗೊಂದಲ. ಇಡೀ ಮಧ್ಯಾಹ್ನ ಲೋಲಕದ ಅಳತೆಗಳನ್ನು ತೆಗೆದು ಶೇಖರಿಸಿದ್ದ ಒಬ್ಬ ವಿದ್ಯಾರ್ಥಿನಿ ಕಣ್ಣಲ್ಲಿ ನೀರು ತಂದುಕೊಂಡು, “ಸಾರ್, ನನ್ನ ಫೈಲು ಕಳೆದುಹೋಗಿದೆ” ಎಂದಳು. ಫೈಲು ಎಲ್ಲಿಯೂ ಹೋಗಿರಲಿಲ್ಲ. ಅವಳು ಹೆಸರಿನ ಮೊದಲಕ್ಷರವನ್ನು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ ಬರೆದು ಶೇಖರಿಸಿ, ಲೆಕ್ಕ ಮಾಡುವ ಪ್ರೋಗ್ರಾಮಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿದ್ದಳು. ವಿಂಡೋಸು ಸಾಮಾನ್ಯವಾಗಿ ಇವೆರಡನ್ನೂ ಒಂದೇ ಹೆಸರೆಂದು ಎಣಿಸುತ್ತದೆ. ಲಿನಕ್ಸಿಗೆ ಅವು ಬೇರೆ ಬೇರೆ. (ದೊಡ್ಡಕ್ಷರ ಚಿಕ್ಕಕ್ಷರಗಳ ಗೊಡವೆಯೇ ಇಲ್ಲದ ಕನ್ನಡದಲ್ಲಿ ಹೆಸರಿಟ್ಟಿದ್ದರೆ ಈ ತಾಪತ್ರಯ ಬರುತ್ತಿರಲಿಲ್ಲ, ಹಾಗೆ ಇಡುವುದಕ್ಕೆ ಎರಡು ವ್ಯವಸ್ಥೆಗಳಲ್ಲಿಯೂ ಅಡ್ಡಿಯಿಲ್ಲ.)

ಇದಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಗಡಿಯಾರ. ಒಂದು ಹಳೆಯ ಉಪಕರಣದ ಸಲುವಾಗಿ ಎರಡು ಯಂತ್ರಗಳಲ್ಲಿ ಲಿನಕ್ಸಿನ ಜೊತೆಗೆ ವಿಂಡೋಸನ್ನೂ ಉಳಿಸಿಕೊಂಡಿದ್ದೆವು. ಲಿನಕ್ಸಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಹೋದಾಗಲೆಲ್ಲ ವೇಳೆ ತಪ್ಪಾಗಿರುತ್ತಿತ್ತು. ಒಳಗಿನ ಪುಟ್ಟ ಸೆಲ್ಲು ಕ್ಷೀಣಿಸಿರಬೇಕೆಂದು ಬಗೆದು ನಾನು ಹೊಸದನ್ನು ಹಾಕಿಸಿದೆ, ಫಲವಾಗಲಿಲ್ಲ. ಕೊನೆಗೆ ದ್ವಿತೀಯ ವರ್ಷದ ಹುಡುಗನೊಬ್ಬ, “ಸಾರ್, ಪ್ರತಿಸಲವೂ ಸರಿಯಾಗಿ ಐದೂವರೆ ಗಂಟೆಯೇ ಹಿಂದಿರುತ್ತದೆ. ಸೆಲ್ಲು ಕೆಟ್ಟಿದ್ದರೆ ಇಷ್ಟು ಕ್ರಮವಾಗಿ ತಪ್ಪುವುದೆ?” ಎಂದು ಕೇಳಿದ. ಕ್ರಮಬದ್ಧ ದೋಷಕ್ಕೂ ಯಾದೃಚ್ಛಿಕ ದೋಷಕ್ಕೂ ಇರುವ ಭೇದವನ್ನು ಪ್ರತಿವರ್ಷ ತರಗತಿಯಲ್ಲಿ ವಿವರಿಸುವವನು ನಾನೇ! ನನಗೆ ನಾಚಿಕೆಯಾಯಿತು.

ಕಾರಣ ಬಹು ಸರಳ. ಯಂತ್ರದೊಳಗಿನ ಗಡಿಯಾರ ಒಂದೇ. ಅದರಲ್ಲಿರುವುದು ಊರಿನ ವೇಳೆಯೆಂದು ವಿಂಡೋಸು ತಿಳಿಯುತ್ತದೆ. ಅದು ವಿಶ್ವಮಾನ ವೇಳೆಯೆಂದು ಲಿನಕ್ಸು ತಿಳಿದು, ಭಾರತದ ವೇಳೆಗಾಗಿ 5 ಗಂಟೆ 30 ನಿಮಿಷಗಳನ್ನು ಕೂಡಿಕೊಳ್ಳುತ್ತದೆ. ಬೆಳಗ್ಗೆ ಹತ್ತು ಗಂಟೆಯಾಗಿರುವಾಗ ಲಿನಕ್ಸು ಗಡಿಯಾರದಲ್ಲಿ ನಾಲ್ಕೂವರೆ ಎಂದು ಬರೆದಿಡುತ್ತದೆ. ವಿಂಡೋಸು ಅದನ್ನೇ ಊರಿನ ವೇಳೆಯೆಂದು ಓದುತ್ತದೆ. ಗಡಿಯಾರದಲ್ಲಿಯೂ ಊರಿನ ವೇಳೆಯನ್ನೇ ಇಡುವಂತೆ ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟೊಡನೆ ತೊಂದರೆ ನೀಗಿತು. ಎರಡು ವ್ಯವಸ್ಥೆಗಳಲ್ಲಿ ಯಾವುದೂ ತಪ್ಪು ಮಾಡಿರಲಿಲ್ಲ. ಅವುಗಳ ನಿರ್ದೇಶಾಂಕಗಳು ಬೇರೆಯಾಗಿದ್ದುವು, ಅಷ್ಟೆ.

ಒಂದೇ ವ್ಯವಸ್ಥೆಯನ್ನು ಬಲ್ಲವನಿಗೆ ಅದರ ರೂಢಿಗಳೇ ಪ್ರಕೃತಿನಿಯಮಗಳಂತೆ ತೋರುತ್ತವೆ. ಫೈಲಿನ ದಾರಿಯನ್ನು ಬರೆಯುವಾಗ ವಿಂಡೋಸಿನಲ್ಲಿ ಓರೆಗೆರೆ ಹಿಂದಕ್ಕೆ ವಾಲುತ್ತದೆ, ಲಿನಕ್ಸಿನಲ್ಲಿ ಮುಂದಕ್ಕೆ. ಇದರಲ್ಲಿ ತತ್ತ್ವವೇನೂ ಇಲ್ಲ. 1983ರಲ್ಲಿ ಎಂಎಸ್-ಡಾಸ್‌ಗೆ ಕಡತಕೋಶಗಳು ಬಂದಾಗ, ಮುಂದಕ್ಕೆ ವಾಲುವ ಗೆರೆಯನ್ನು ಆಜ್ಞೆಗಳ ಬೇರೊಂದು ಕೆಲಸಕ್ಕೆ ಆಗಲೇ ಬಳಸಿಕೊಂಡಾಗಿತ್ತು. ಅದಕ್ಕಾಗಿ ಹಿಂದಕ್ಕೆ ವಾಲುವುದನ್ನು ಆರಿಸಿದರು. ನಮ್ಮ ಶಾಲಾ ಕಾಲೇಜುಗಳಲ್ಲಾದರೋ ಇಂಥ ಆಕಸ್ಮಿಕಗಳನ್ನೇ ಶಾಸ್ತ್ರವೆಂದು ಕಲಿಸುತ್ತಿದ್ದೇವೆ. ಪ್ರೊಸೆಸರಿನ ಕಾಲವನ್ನೂ ಸ್ಮೃತಿಯ ಸ್ಥಳವನ್ನೂ ಪ್ರೋಗ್ರಾಮುಗಳಿಗೆ ಹಂಚಿಕೊಡುವುದು, ಫೈಲುಗಳ ಲೆಕ್ಕ ಇಡುವುದು ಇವೇ ಕಾರ್ಯಾಚರಣ ವ್ಯವಸ್ಥೆಯ ನಿಜವಾದ ಕೆಲಸಗಳು. ಅವನ್ನು ಬಿಟ್ಟು, ಯಾವ ಗುಂಡಿ ಯಾವ ಮೂಲೆಯಲ್ಲಿದೆಯೆಂದು ಬಾಯಿಪಾಠ ಮಾಡಿಸುತ್ತೇವೆ. ಗುಂಡಿ ಸ್ಥಳ ಬದಲಿಸಿದ ದಿನ ವಿದ್ಯಾರ್ಥಿ ದಿಕ್ಕುಗೆಟ್ಟರೆ ತಪ್ಪು ಅವನದಲ್ಲ.

“ಕಚೇರಿಗಳಲ್ಲಿ ವಿಂಡೋಸೇ ಇರುವಾಗ ಹುಡುಗರಿಗೆ ಈ ಹೊರೆ ಏಕೆ?” ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ವಿಜ್ಞಾನದ ವಿದ್ಯಾರ್ಥಿ ಕಚೇರಿಯನ್ನಷ್ಟೇ ನೋಡಿದರೆ ಸಾಲದು. ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಈಚೆಗೆ ಲಿನಕ್ಸಿನ ಹೊರತು ಬೇರೊಂದಿಲ್ಲ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ.

ಆದರೆ ಲಿನಕ್ಸಿನಲ್ಲಿ ಕಷ್ಟವೇ ಇಲ್ಲವೆನ್ನುವ ಉತ್ಸಾಹಿಗಳನ್ನೂ ನಾನು ಒಪ್ಪಲಾರೆ. ಆ ಹಳೆಯ ಉಪಕರಣದ ಪ್ರೋಗ್ರಾಮು ಅದರಲ್ಲಿ ನಡೆಯಲೇ ಇಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಬೆರಳಚ್ಚಾದ ನಮ್ಮ ಕನ್ನಡ ಪ್ರಶ್ನಪತ್ರಿಕೆಗಳು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಂಡುವು. ಅದು ಲಿನಕ್ಸಿನ ದೋಷವಲ್ಲ, ಆಯಾ ಫಾಂಟಿಗೆ ಅಂಟಿಕೊಂಡಿದ್ದ ಹಳೆಯ ಸಂಕೇತಗಳದು, ನಿಜ. ಆದರೂ ಒಂದೊಂದನ್ನೇ ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ ಮುಗಿಸುವುದಕ್ಕೆ ನನ್ನ ದಸರಾ ರಜೆಯ ಬಹುಭಾಗ ಹೋಯಿತು.

ಪಿ.ಯು. ಮತ್ತು ಪದವಿ ತರಗತಿಗಳ ಪ್ರಾಯೋಗಿಕ ಪಾಠಗಳಲ್ಲಿ ಒಂದೇ ಕೆಲಸವನ್ನು ಎರಡು ವ್ಯವಸ್ಥೆಗಳಲ್ಲಿ ಮಾಡಿಸಬೇಕೆಂಬುದು ನನ್ನ ಸೂಚನೆ. ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿರುವ ಹಳೆಯವೇ ಸಾಕು. ಈಗಿರುವ ಅವಧಿಗಳಲ್ಲಿಯೇ ಇದಕ್ಕೆ ವೇಳೆ ಎಲ್ಲಿಂದ ಬರಬೇಕೆಂದು ಕೇಳುವ ಅಧ್ಯಾಪಕ ಮಿತ್ರರಿದ್ದಾರೆ. ನಮ್ಮಲ್ಲಿ ವಾರಕ್ಕೆ ಒಂದು ಗಂಟೆಯಂತೆ ನಾಲ್ಕು ವಾರ ಹಿಡಿಯಿತು. ಬೇರೆ ಕಾಲೇಜುಗಳ ಅನುಭವ ಬೇರೆಯಾಗಿದ್ದರೆ ಅಲ್ಲಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.